ಯಾರೂ ಮುಟ್ಟದ ನೀರು

ಬಾವಿಯ ನೀರು ಮನೆಯೊಳಗೆ ಬೇಡ, ಆಕಾಶದ ನೀರೇ ಸಾಕು ಎಂದು ನಮ್ಮ ಕಾಕಾ ಆಣೆ ಮಾಡಿದ್ದು ಯಾವ ವರ್ಷ ಎಂದು ಖಚಿತವಾಗಿ ಹೇಳಲಾರೆ. ಸಂಸ್ಥಾನಗಳು ಮುಗಿದು ಎಲ್ಲರೂ ಮುಂಬಯಿ ರಾಜ್ಯದವರಾಗಿ ಎರಡೋ ಮೂರೋ ಮಳೆಗಾಲ ಕಳೆದಿರಬೇಕು. ಆಗ ನಾನು ಬರೆಯುತ್ತಿದ್ದ ಡೈರಿ ಈಗಲೂ ಹತ್ತಿರ ಇದೆ. ಅದರಲ್ಲಿ ದಿನ ಇದೆ, ತಿಂಗಳು ಇದೆ, ಇಸವಿ ಇಲ್ಲ. ಕಾಲೇಜು ಮುಗಿಸಿ ಬಂದ ಹುಡುಗನಿಗೆ ತಾನು ಇರುವ ವರ್ಷದ ಹೊರತು ಬೇರೆ ವರ್ಷಗಳಿವೆ ಎಂದು ಅನ್ನಿಸಿರಲಿಕ್ಕಿಲ್ಲ. ಇಲ್ಲಿ ಬರೆಯುವಾಗ ಡೈರಿಗೂ ನೆನಪಿಗೂ ಜಗಳ ಬಿದ್ದ ಕಡೆಯಲ್ಲಿ ನಾನು ಡೈರಿಯನ್ನೇ ನಂಬಿದ್ದೇನೆ. ಅದು ನನ್ನ ಬಗ್ಗೆ ಹೆಚ್ಚು ಕೆಟ್ಟದ್ದು ಹೇಳುತ್ತದೆ, ಅದಕ್ಕೆ.

ಮನೆ ಬೀಳಗಿಯಲ್ಲಿ. ಇದ್ದವರು ಮೂವರೇ. ಕಾಕಾ ನನ್ನ ತಂದೆಯ ತಮ್ಮ. ಜಮಖಂಡಿಯಲ್ಲಿ ಸಂಸ್ಥಾನದ ಕಾರಕೂನರಾಗಿದ್ದು, ಸಂಸ್ಥಾನ ಹೋದ ಮೇಲೆ ತಮ್ಮ ಕರೀ ಟೊಪ್ಪಿಗೆ ಮತ್ತು ಮರಾಠಿಯ ಮೋಡಿ ಲಿಪಿಯ ಹಳೆಯ ಕಾಗದಗಳ ಗಂಟು ಹೊತ್ತುಕೊಂಡು ಊರಿಗೆ ಬಂದಿದ್ದರು. ಅವರ ಹೆಂಡತಿ ಬಹಳ ಹಿಂದೆಯೇ ತೀರಿದ್ದರು. ಅತ್ತೆ ಇವರಿಗೂ ನನ್ನ ತಂದೆಗೂ ಅಕ್ಕ. ಮದುವೆಯಾದದ್ದು ನೆನಪುಳಿಯುವ ವಯಸ್ಸಿಗೆ ಮುಂಚೆಯೇ ವಿಧವೆಯಾಗಿ ತವರಿಗೆ ಮರಳಿದವರು, ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಎಳೆದುಕೊಂಡೇ ಮುದುಕಿಯಾದವರು. ತಂದೆ ತಾಯಿ ಇಲ್ಲದ ನನ್ನನ್ನು ಬೆಳೆಸಿದವರು ಅವರೇ. ನಾನು ಪುಣೆಯಲ್ಲಿ ರಸಾಯನಶಾಸ್ತ್ರ ಓದಿ ಬಿಎಸ್ಸಿ ಮಾಡಿ, ಬನಹಟ್ಟಿಯ ಒಂದು ಸಾಲೆಯಲ್ಲಿ ಮಾಸ್ತರನಾಗಿದ್ದೆ. ಶನಿವಾರ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದೆ.

ಅತ್ತೆಯ ಮಡಿ ಎಷ್ಟು ಬಿಗಿ ಎಂದರೆ, ತಾವೇ ಸೇದಿದ ನೀರಿನ ಹೊರತು ಬೇರೆ ನೀರು ಅವರ ಬಾಯಿಗೆ ಹೋಗುತ್ತಿರಲಿಲ್ಲ. ಊರಿನ ಬಹಳಷ್ಟು ಬಾವಿಗಳು ಸವಳು. ನಮ್ಮ ಓಣಿಯ ಬಾವಿ ಒಂದೇ ಸಿಹಿ. ಅದರ ಹಗ್ಗ ಹಿಡಿಯುತ್ತಿದ್ದವರು ನಾಲ್ಕೈದು ಮನೆಯವರು ಮಾತ್ರ. ಹಾಗೆ ಇರಬೇಕೆಂದು ಯಾರು ಹೇಳಿದರೋ ಗೊತ್ತಿಲ್ಲ, ಹಾಗೆ ಇತ್ತು. ನಸುಕಿನಲ್ಲಿ ಒದ್ದೆ ಸೀರೆಯಲ್ಲಿ ಅತ್ತೆ ಎರಡು ಕೊಡ ತಂದರೆ ಅವರ ದಿನ ನಡೆಯುತ್ತಿತ್ತು.

ಮುಂಬಯಿ ಸರಕಾರದ ಕಾಯಿದೆಯಿಂದ ಬಾವಿ ಎಲ್ಲರದೂ ಆಯಿತು. ಒಂದು ಮುಂಜಾನೆ ಬೇರೆ ಕೇರಿಯ ಹೆಂಗಸರು ತಮ್ಮ ಹಗ್ಗ, ತಮ್ಮ ಕೊಡ ತಂದು ನೀರು ಸೇದಿಕೊಂಡು ಹೋದರು. ಕಾಕಾ ಟೊಪ್ಪಿಗೆ ಹಾಕಿಕೊಂಡು ಕಟ್ಟೆಯ ಮೇಲೆ ನಿಂತಿದ್ದರು. ಜಗಳ ಆಗಬಹುದು, ತಾವು ಏನಾದರೂ ಹೇಳಬೇಕಾಗಬಹುದು ಎಂದು ಎಣಿಸಿದ್ದರೋ ಏನೋ. ಅವರನ್ನು ಯಾರೂ ತಿರುಗಿ ನೋಡಲಿಲ್ಲ. ಬಹುಶಃ ಅದೇ ಅವರಿಗೆ ಹೆಚ್ಚು ನಾಟಿತು. ಮೂವತ್ತು ವರ್ಷ ಕಚೇರಿಯಲ್ಲಿ ಯಾರ ಮಾತಿಗೂ ಎದುರಾಡದೆ, ಮೇಲಿನವರು ಹೇಳಿದ್ದನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟ ಮನುಷ್ಯ ಜೀವನದಲ್ಲಿ ಮೊದಲ ಸಲ ಬಂಡೆದ್ದರು, ಅದೂ ಒಂದು ಬಾವಿಯ ಮೇಲೆ. ಅಂದೇ ದೇವರ ಮನೆಯಲ್ಲಿ ಕೂತು, ಆ ಬಾವಿಯ ಒಂದು ಹನಿಯೂ ಈ ಹೊಸ್ತಿಲು ದಾಟಬಾರದು ಎಂದು ಸಾಲಿಗ್ರಾಮ ಮುಟ್ಟಿ ಆಣೆ ಮಾಡಿದರು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ.

"ನಾ ಏನ ನನಗಾಗಿ ಮಾಡ್ಲಿಕ್ಹತ್ತೀನೇನು?" ಎಂದರು ಕಾಕಾ. "ಅಕ್ಕನ ಮಡಿ ನೋಡಬೇಕಲ್ಲ."

"ನನ್ನ ಮಡಿ ಇಷ್ಟು ದಿವಸ ನಾನ ನೋಡ್ಕೊಂಡೀನಿ, ತಮ್ಮಾ," ಎಂದರು ಅತ್ತೆ. ಅಷ್ಟು ಹೇಳಿ ಒಳಗೆ ಹೋದರು.

ಅಂಗಳದಲ್ಲಿ ಹೌದ, ಎಂದರೆ ನೀರಿನ ತೊಟ್ಟಿ, ತೋಡಲು ಆರಂಭವಾಯಿತು. ನೆಲದೊಳಗೆ ಆಳುದ್ದ ತಗ್ಗು, ಸುತ್ತ ಕಲ್ಲು, ಒಳಗೆ ಗಚ್ಚು, ಮೇಲೆ ಹಾಸುಗಲ್ಲಿನ ಮುಚ್ಚಳ. ನಮ್ಮ ಕಡೆಯ ಮನೆಗಳ ಹಾಗೆ ನಮ್ಮದೂ ಮಣ್ಣು ತುಳಿದ ಮಟ್ಟಸ ಛಾವಣಿಯ ಮಾಳಿಗೆ. ಅದರ ಮೇಲೆ ಬಿದ್ದ ಮಳೆಯನ್ನೆಲ್ಲ ಹರನಾಳಿಗೆಯಿಂದ ತಗಡಿನ ದೋಣಿಗೆ ಬೀಳಿಸಿ ಹೌದಕ್ಕೆ ಹರಿಸುವುದು. ಆಕಾಶದಿಂದ ನೇರವಾಗಿ ಬಂದ ನೀರು, ಯಾರೂ ಮುಟ್ಟದ ನೀರು, ಒಂದು ಮಳೆಗಾಲ ತುಂಬಿದರೆ ಮುಂದಿನ ಮಳೆಗಾಲದವರೆಗೆ ಸಾಕು. ಈ ಲೆಕ್ಕ ಹಾಕಿಕೊಟ್ಟವನು ನಾನು. ಡೈರಿಯಲ್ಲಿ ಅದರ ಚಿತ್ರವೂ ಇದೆ. ಮಾಳಿಗೆಯ ಉದ್ದಗಲ, ನೀರು ಹರಿಯುವ ದಿಕ್ಕಿಗೆ ನೀಲಿ ಪೆನ್ಸಿಲಿನ ಬಾಣ. ಚಿತ್ರ ಚೆನ್ನಾಗಿದೆ. ಬರೆದವನು ತನ್ನ ಮನೆಯ ಮಾಳಿಗೆಯನ್ನು ಎಂದೂ ಹತ್ತಿ ನೋಡಿದವನಲ್ಲ ಎಂಬುದು ಚಿತ್ರದಿಂದ ಗೊತ್ತಾಗುವುದಿಲ್ಲ.

ಮಾಳಿಗೆ ಹತ್ತುತ್ತಿದ್ದವರು ಬೇರೆ. ಪ್ರತಿ ವರ್ಷ ಮಳೆಗೆ ಮೊದಲು ಗುಡ್ಡದ ಕಡೆಯಿಂದ ಕುರಿ ಕಾಯುವ ಗಂಡ ಹೆಂಡತಿ ಬಂದು ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿದು ಹೋಗುತ್ತಿದ್ದರು. ಆ ವರ್ಷ ಗಂಡ ಕುರಿ ಹೊಡೆದುಕೊಂಡು ಚಿಕ್ಕಪಡಸಲಗಿಯ ಕಡೆ ಹೊಳೆದಂಡೆಗೆ ಹೋಗಿದ್ದ. ಹೆಂಡತಿ ಮೂರು ಜನ ಹೆಂಗಸರನ್ನು ಕಟ್ಟಿಕೊಂಡು ತಾನೇ ಬಂದಳು. ನಡುವಯಸ್ಸು ದಾಟಿದವಳು, ಎತ್ತರದ ಹೆಂಗಸು, ಕಂಬಳಿ ನೇಯುವುದರಲ್ಲಿ ಸುತ್ತಲ ಊರಿಗೆಲ್ಲ ಹೆಸರಾದವಳು. ಹೌದದ ಬಾಯಿ ನೋಡಿದಳು, ಹರನಾಳಿಗೆ ನೋಡಿದಳು, ತಲೆಯ ಮೇಲಿನ ಬುಟ್ಟಿ ಇಳಿಸಿದಳು.

"ರಾಯರ, ಈ ನೀರ ಕುಡ್ಯಾಕೇನ್ರಿ?"

ಕಾಕಾ ತಲೆಯಾಡಿಸಿದರು.

"ಹಂಗಾದ್ರ ಈ ಮಣ್ಣ ಬ್ಯಾಡ್ರಿ. ಇದು ಕರಲ ಮಣ್ಣು. ಮಾಳಿಗಿ ಸೋರೂದಿಲ್ಲ ಖರೆ, ನೀರಿಗಿ ಉಪ್ಪ ಬಿಡತೈತಿ. ಹಾಕೂದ ಅಂದ್ರ ಮದಲಿನ ನಾಕ ಮಳಿ ಹೊರಗ ಬಿಟ್ಟಬಿಡ್ರಿ."

ಅವಳ ಮಾತು ಇನ್ನೂ ಇತ್ತು. ಗುಡ್ಡದ ಮೇಲೆ ಕಲ್ಲುಬಂಡೆಯಲ್ಲಿ ನೀರು ನಿಲ್ಲುವ ತಗ್ಗುಗಳಿವೆ, ಅವರು ಅವನ್ನು ದೊಣಿ ಎನ್ನುತ್ತಾರೆ. ಮಿರಗದ, ಎಂದರೆ ಮೃಗಶಿರಾ ಮಳೆಗೆ ಮೊದಲು ಬಂಡೆಯನ್ನೆಲ್ಲ ಕಸಬರಿಗೆಯಿಂದ ಗುಡಿಸುತ್ತಾರಂತೆ. ಮೊದಲ ಮಳೆಗಳ ನೀರು ಒಳಗೆ ಬರದಂತೆ ಮಣ್ಣಿನ ಬದು ಕಟ್ಟಿ ಪಕ್ಕಕ್ಕೆ ಹೊರಳಿಸುತ್ತಾರಂತೆ. ಬಂಡೆ ತೊಳೆದು ಬೆಳ್ಳಗಾದ ಮೇಲೆ ಬದು ಒಡೆದು ನೀರು ಒಳಗೆ ಬಿಟ್ಟು, ಮೇಲೆ ಚಪ್ಪಡಿ ಎಳೆದು, ಚಪ್ಪಡಿಯ ಮೇಲೆ ಜಾಲಿಮುಳ್ಳು ಹೇರುತ್ತಾರಂತೆ, ಕುರಿ ಬಾಯಿ ಹಾಕದ ಹಾಗೆ. ಬೇಸಿಗೆ ಮುಗಿಯುವವರೆಗೆ ಅದರಲ್ಲಿ ಮನುಷ್ಯರು ಕುಡಿಯುವ ನೀರು ಇರುತ್ತದಂತೆ.

ಕಾಕಾ ನನ್ನ ಕಡೆ ತಿರುಗಿ ಮರಾಠಿಯಲ್ಲಿ, ಕುರಿ ಮೇಯಿಸುವವರು ಈಗ ನಮಗೆ ಶಾಸ್ತ್ರ ಹೇಳುವ ಕಾಲ ಬಂತು ಎಂದರು. ನಮ್ಮ ಮನೆಗಳಲ್ಲಿ ಆಳುಗಳ ಎದುರಿಗೆ ಆಳುಗಳ ಬಗ್ಗೆ ಆಡುವ ಭಾಷೆ ಅದು. ಆ ಹೆಂಗಸು ವರ್ಷಕ್ಕೆ ಎರಡು ಸಲ ಕಂಬಳಿ ಮಾರಲು ಮಿರಜಿಗೆ ಹೋಗುತ್ತಿದ್ದಳು. ಉಪ್ಪುನೀರನ್ನು ಕುರಿ ಕೂಡ ಮೂಸಿ ಬಿಡುತ್ತದೆ ಎಂದು ಮರಾಠಿಯಲ್ಲೇ ಹೇಳಿ, ಬುಟ್ಟಿ ಎತ್ತಿಕೊಂಡು ನಿಚ್ಚಣಿಕೆ ಹತ್ತಿದಳು. ಮಣ್ಣು ಹಾಕಲು ಕರೆದಿದ್ದರು, ಹಾಕಿ ತುಳಿದು ಹೋದಳು.

ಅಂದು ನಾನು ಅವಳ ಪರವಾಗಿ ಮಾತಾಡಿದೆ ಎಂದು ಎಷ್ಟೋ ವರ್ಷ ನಂಬಿದ್ದೆ. "ಕಾಕಾ, ಅವಳು ಹೇಳುವುದರಲ್ಲಿ ಅರ್ಥವಿದೆ" ಎಂದು ಹೇಳಿದ ನನ್ನ ದನಿಯೂ ಕಿವಿಯಲ್ಲಿತ್ತು. ನನ್ನ ಮಕ್ಕಳಿಗೂ ಹಾಗೇ ಹೇಳಿದ್ದೇನೆ. ಡೈರಿಯಲ್ಲಿ ಆ ದಿನ ಹೀಗಿದೆ: "ಮಾಳಿಗೆಗೆ ಮಣ್ಣು ಹಾಕುವಾಕೆ ಕಾಕಾಗೆ ಜಲಶಾಸ್ತ್ರದ ಉಪನ್ಯಾಸ ಕೊಟ್ಟಳು. ಮೋಜೆನಿಸಿತು." ಮೋಜೆನಿಸಿತು. ಉಪ್ಪು ನೀರಿನಲ್ಲಿ ಕರಗುತ್ತದೆ ಎಂಬುದನ್ನು ಪುಣೆಯವರೆಗೆ ಹೋಗಿ ಕಲಿತುಬಂದವನು ಇದನ್ನು ಬರೆದಿದ್ದಾನೆ.

ಮಿರಗದ ಮೊದಲ ಮಳೆ ಬಂದಾಗ ಮನೆಯಲ್ಲಿ ಸಮಾರಂಭ. ಕಾಕಾ ಜಮಖಂಡಿ, ಮುಧೋಳದಿಂದ ತಮ್ಮ ಹಳೆಯ ಕಚೇರಿಯ ಸ್ನೇಹಿತರನ್ನು ಮೊದಲೇ ಕರೆಸಿ, ಎರಡು ದಿನದಿಂದ ಮೋಡ ಕಾಯಲು ಕೂಡಿಸಿದ್ದರು. ಅವರೆಲ್ಲ ಸಂಸ್ಥಾನದ ಕಾಲದಲ್ಲಿ ಒಬ್ಬರ ಮೇಲೊಬ್ಬರು ಚಾಡಿ ಹೇಳಿಕೊಂಡು ಬದುಕಿದವರು. ಸಂಸ್ಥಾನ ಹೋದದ್ದೇ ತಡ ಒಬ್ಬರನ್ನೊಬ್ಬರು ಹೊಗಳಲು ಕಲಿತಿದ್ದರು. ಹೊಸ ಮಣ್ಣು ಹಾಕಿ ವಾರವೂ ಆಗದ ಮಾಳಿಗೆಯ ಮೇಲಿಂದ ಮಜ್ಜಿಗೆಯಂಥ ನೀರು ಧೋ ಎಂದು ಹೌದಕ್ಕೆ ಬಿತ್ತು. ಮೊದಲ ಮಳೆಯನ್ನು ಹೊರಗೆ ಬಿಡುವುದೇ? ಮೊದಲ ಮಳೆಗೇ ತಾನೇ ಪೂಜೆ. ಅರಿಶಿನ ಕುಂಕುಮ ಹಾಕಿ, ಮಂತ್ರ ಹೇಳಿ, ಬೆಳ್ಳಿಯ ಉದ್ಧರಣೆಯಿಂದ ಎಲ್ಲರಿಗೂ ತೀರ್ಥ ಹಂಚಲಾಯಿತು. ಒಂದು ಉದ್ಧರಣೆಯಷ್ಟಾದರೆ ಎಂಥ ನೀರನ್ನೂ ಹೊಗಳಬಹುದು. ಅವರು ಹೊಗಳಿದರು. ಗಂಗೆಯೇ ಇಳಿದು ಬಂದ ಹಾಗಾಯಿತು ಎಂದವರೊಬ್ಬರು ಮಾತು ಮುಗಿಸಿ, ಬೀದಿಗೆ ಹೋಗಿ ಉಗುಳಿ ಬಂದುದನ್ನು ನಾನು ನೋಡಿದ್ದೇನೆ. ಇದು ಡೈರಿಯಲ್ಲೂ ಇದೆ, ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ.

ಅವರು ಬಸ್ಸು ಹತ್ತಿ ಹೋದರು. ನೀರು ಅತ್ತೆಗೆ ಉಳಿಯಿತು.

ಮಳೆಗಾಲ ಮುಗಿದರೂ ಹೌದದ ನೀರು ತಿಳಿಯಾಗಲಿಲ್ಲ. ಪಟಿಕ ತಿರುವಿದರೆ ಒಂದಷ್ಟು ರಾಡಿ ಕೆಳಗೆ ಕೂರುತ್ತಿತ್ತು, ರುಚಿ ಹಾಗೇ ಇರುತ್ತಿತ್ತು. ದೀಪಾವಳಿಯ ಹೊತ್ತಿಗೆ ತಾಮ್ರದ ಹಂಡೆಯ ಒಳಗೆ ಬೂದಿಬಣ್ಣದ ಪೊರೆ ಕಟ್ಟಿತು. ಅತ್ತೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು, ಅದು ಮತ್ತೆ ಕಟ್ಟುತ್ತಿತ್ತು. ಹೊಸ ಗಚ್ಚಿನ ವಾಸನೆ, ಇನ್ನೊಂದು ವರ್ಷಕ್ಕೆ ಹೋಗುತ್ತದೆ ಎಂದರು ಕಾಕಾ.

ಈ ಮಾತು ಹೇಳುವಷ್ಟು ಸಮಾಧಾನ ಅವರಿಗೆ ಹೇಗೆ ಬಂತು ಎಂಬುದು ನನಗೆ ತಡವಾಗಿ ತಿಳಿಯಿತು. ಜಮಖಂಡಿಯಲ್ಲಿ ಪಿಂಚಣಿಯ ಕಾಗದಪತ್ರದ ಕೆಲಸ ಇದೆ ಎಂದು ವಾರಕ್ಕೊಮ್ಮೆ ಹೋಗುತ್ತಿದ್ದವರು ವಾರಕ್ಕೆ ಮೂರು ಸಲ ಹೋಗತೊಡಗಿದ್ದರು. ಊರಲ್ಲಿದ್ದ ದಿನ ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದ ಅಂಗಡಿಯಲ್ಲಿ ಪೇಪರ್ ಓದುತ್ತಾ ಕೂರುತ್ತಿದ್ದರು. ಆ ಅಂಗಡಿಯ ಚಹಾ ಯಾವ ಬಾವಿಯ ನೀರಿನದು ಎಂದು ಊರಿಗೆಲ್ಲ ಗೊತ್ತು. ಹೊಸ್ತಿಲು ದಾಟಿ ಒಳಗೆ ಬರಬಾರದು ಎಂದಷ್ಟೇ ಆಣೆ ಇತ್ತು, ಇವರು ಹೊಸ್ತಿಲು ದಾಟಿ ಹೊರಗೆ ಹೋಗಿ ಕುಡಿಯುತ್ತಿದ್ದರು. ನಾನೂ ಅಲ್ಲೇ ಕುಡಿಯುತ್ತಿದ್ದೆ. ಕಾಕಾ ಮತ್ತು ನಾನು ಒಂದು ಶನಿವಾರ ಅಲ್ಲಿ ಎದುರುಬದುರು ಆದೆವು. ಇಬ್ಬರೂ ಬಸ್ಸಿನ ವೇಳೆಯ ಬಗ್ಗೆ ಮಾತಾಡಿದೆವು.

ಹೊರಗೆ ಹೋಗಿ ಕುಡಿಯಲಾರದವರು ಅತ್ತೆ ಒಬ್ಬರೇ.

ಬನಹಟ್ಟಿಯಲ್ಲಿ ನಾನು ವಾರಪೂರ್ತಿ ಹೊಳೆಯ ನೀರು ಕುಡಿಯುತ್ತಿದ್ದೆ. ಅತ್ತೆ ಸೊರಗುತ್ತಿರುವುದು ವಾರಕ್ಕೊಮ್ಮೆ ಬರುವವನಿಗೆ ಹೆಚ್ಚು ಸ್ಪಷ್ಟವಾಗಿ ಕಾಣಬೇಕು, ಕಾಣುತ್ತಿತ್ತು. ಕಾಲು ಬಾತುಕೊಂಡಿದ್ದವು. ತುಟಿ ಒಡೆದಿದ್ದವು. ಊಟ ಮಾಡಿದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ನೀರಡಿಕೆ ಆಗುತ್ತದೆ ಎಂದು ಕುಡಿದರೆ ನೀರಡಿಕೆ ಹೆಚ್ಚಾಗುತ್ತದೆ ಎಂದು ಒಂದು ಸಲ ನಗುತ್ತಾ ಹೇಳಿದರು, ತಮಾಷೆಯ ಸಂಗತಿ ಎಂಬಂತೆ. ಡಾಕ್ಟರರನ್ನು ಕರೆಸೋಣ ಎಂದೆ. ಮುಟ್ಟಿಸಿಕೊಳ್ಳುವುದಿಲ್ಲ ಎಂದರು. ನನಗೆ ಅಷ್ಟೇ ಸಾಕಾಯಿತು, ನನ್ನ ಕೆಲಸ ಮುಗಿಯಿತು.

ಹೌದದ ನೀರನ್ನು ಒಂದು ಶೀಷೆಯಲ್ಲಿ ಬನಹಟ್ಟಿಗೆ ಒಯ್ದು ಸಾಲೆಯ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿದೆ. ಬೆಳ್ಳಿಯ ಲವಣದ ದ್ರಾವಣ ನಾಲ್ಕು ಹನಿ ಬಿಟ್ಟೊಡನೆ ಮೊಸರು ಒಡೆದ ಹಾಗೆ ಬೆಳ್ಳಗೆ ಗಟ್ಟಿಯಾಗಿ ಇಳಿಯಿತು. ಆ ಶನಿವಾರವೇ ಊರಿಗೆ ಹೋಗಿ ಕಾಕಾ ಎದುರಿಗೆ ಕೊಳವೆಯನ್ನು ಇಟ್ಟು ಅಕ್ಕನಿಗೆ ವಿಷ ಕುಡಿಸುತ್ತಿದ್ದೀರಿ ಎಂದು ಹೇಳಿದೆ. ಇದೂ ನನ್ನ ನೆನಪು. ಡೈರಿಯ ಪ್ರಕಾರ ಆ ಪರೀಕ್ಷೆ ಮಾಡಿದ್ದು ಮಾಘದಲ್ಲಿ, ಹತ್ತನೆಯ ವರ್ಗದ ಹುಡುಗರ ಎದುರಿಗೆ. ಉಪ್ಪುನೀರಿಗೆ ಇಷ್ಟು ಒಳ್ಳೆಯ ಉದಾಹರಣೆ ಸುಲಭವಾಗಿ ಸಿಗುವುದಿಲ್ಲ, ಪಾಠ ಚೆನ್ನಾಗಿ ಆಯಿತು ಎಂದು ಬರೆದಿದ್ದೇನೆ. ಮುಂದಿನ ಎರಡು ಶನಿವಾರ ಬಸ್ಸಿನಲ್ಲಿ ಜಾಗ ಸಿಗದ್ದರ ಬಗ್ಗೆ ಇದೆ. ಕಾಕಾಗೆ ಹೇಳಿದ ಬಗ್ಗೆ ಎಲ್ಲೂ ಇಲ್ಲ. ಹೇಳಿದ್ದರೆ ಬರೆಯದೆ ಬಿಡುವ ಹುಡುಗ ಅಲ್ಲ ಅವನು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಾಗ, ಒಂದು ರವಿವಾರ, ಮಾಳಿಗೆಯ ಹೆಂಗಸು ಕಂಬಳಿ ಮಾರಲು ಓಣಿಗೆ ಬಂದಳು. ಅತ್ತೆ ಅಂಗಳದ ಕಂಬಕ್ಕೆ ಒರಗಿ ಕೂತಿದ್ದರು. ಎದ್ದು ಒಳಗೆ ಹೋಗುವಷ್ಟು ಶಕ್ತಿ ಅಂದು ಇರಲಿಲ್ಲ. ಅವಳು ಬಾಗಿಲ ಹೊರಗೆ ನಿಂತು ನೋಡಿ, ಕಂಬಳಿಯ ಮಾತು ಎತ್ತಲಿಲ್ಲ.

"ಅವ್ವಾರ, ಅದ ನೀರ ಕುಡ್ಯಾಕತ್ತೀರೇನ್ರಿ?"

ಅತ್ತೆ, ಗುಡ್ಡದ ಮೇಲಿನ ನಿಮ್ಮ ದೊಣಿಯಲ್ಲಿ ನೀರು ಇದೆಯೇ ಎಂದು ಕೇಳಿದರು. ಇದೆ, ಆದರೆ ನೀವು ಕುಡಿಯುವವರಲ್ಲವಲ್ಲ ಎಂದಳು ಅವಳು. ಅತ್ತೆ ಅವಳ ಹೆಗಲ ಮೇಲಿನ ಹೊಸ ಕಂಬಳಿಗಳ ಕಡೆ ಕೈ ತೋರಿಸಿ, ಅದರಲ್ಲಿ ಒಂದನ್ನು ಇಟ್ಟುಹೋಗು, ನಾಳೆ ಎರಡು ಕೊಡ ದೊಣಿಯ ನೀರು ತಾ, ಕಂಬಳಿಯ ಮೇಲಿಂದ ಸೋಸಿ ನನ್ನ ಹಂಡೆಗೆ ಹಾಕು ಎಂದರು.

ನಮ್ಮ ಮನೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಹತ್ತಿಯ ಬಟ್ಟೆಯನ್ನು ಯಾರಾದರೂ ಮುಟ್ಟಿದರೆ ಮೈಲಿಗೆ. ಉಣ್ಣೆಗೆ ಮೈಲಿಗೆ ಇಲ್ಲ. ಮಡಿಬಟ್ಟೆ ಒಣಗದ ದಿನ ಕಾಕಾ ಉಣ್ಣೆಯ ಧಾಬಳಿ ಉಟ್ಟು ಪೂಜೆಗೆ ಕೂರುತ್ತಿದ್ದರು. ಅದನ್ನು ಯಾರು ನೇಯ್ದರು, ಯಾರು ಮಾರಿದರು, ಯಾರ ಹೆಗಲ ಮೇಲೆ ಬಂತು ಎಂದು ಕೇಳುವ ಹಾಗಿಲ್ಲ. ಅತ್ತೆ ಬಟ್ಟೆಯ ಈ ನಿಯಮವನ್ನು ನೀರಿಗೆ ಎಳೆದರು. ಯಾವ ಶಾಸ್ತ್ರದಲ್ಲೂ ಇದು ಇರಲಾರದು. ನಸುಕಿನಿಂದ ಕಂಬಕ್ಕೆ ಒರಗಿ ಕೂತು ಅವರೇ ಹುಡುಕಿದ್ದು.

ಮರುದಿನ ನನಗೆ ಸಾಲೆ. ಆದರೆ ಡೈರಿಯಲ್ಲಿ "ರಜೆ ಹಾಕಿದೆ" ಎಂದಿದೆ, ಹಾಗಾದರೆ ಇದ್ದೆ. ಅವಳು ಎರಡು ಕೊಡ ಹೊತ್ತು ಬಂದಾಗ ಕಾಕಾ ಬಾಗಿಲಲ್ಲಿ ಅಡ್ಡ ನಿಂತರು. ಆಣೆ ಎಂದರು, ಮನೆತನ ಎಂದರು, ಯಾರ ಕೈಯ ನೀರು ಎಂಬ ವಿಚಾರ ಬೇಡವೇ ಎಂದರು.

"ನಿನ್ನ ಆಣಿ ಬಾವಿ ನೀರಿಗದ, ಗುಡ್ಡದ ನೀರಿಗಿಲ್ಲ," ಎಂದರು ಅತ್ತೆ. "ಕಂಬಳಿಗೆ ಮೈಲಿಗಿ ಅದ ಅಂತ ಹೇಳು. ಹಂಗಿದ್ರ ನಾ ಕುಡಿಯೂದಿಲ್ಲ. ನೀನೂ ಇವತ್ತಿಂದ ಧಾಬಳಿ ಉಡಬ್ಯಾಡ."

ಕಾಕಾ ನನ್ನ ಕಡೆ ನೋಡಿದರು. ಓದಿದವನು ಏನಾದರೂ ಹೇಳಲಿ ಎಂದಿರಬೇಕು. ನಾನು ಏನೂ ಹೇಳಲಿಲ್ಲ, ಇದರಲ್ಲಿ ನೆನಪೂ ಡೈರಿಯೂ ಒಪ್ಪುತ್ತವೆ. ಅವರು ಬಾಗಿಲು ಬಿಟ್ಟು ಪಡಸಾಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತರು.

ಹಂಡೆಯ ಬಾಯಿಗೆ ಹೊಸ ಕಂಬಳಿ ಕಟ್ಟಿತ್ತು. ಅವಳು ಕೊಡ ಬಗ್ಗಿಸುವ ಮೊದಲು ಅದನ್ನು ಕೈಯಿಂದ ಸವರಿ ನೋಡಿದಳು.

"ಇದನ್ನ ನೇದಾಕಿ ನಾನರಿ, ಅವ್ವಾರ. ಇದಕ್ಕ ಮೈಲಿಗಿಲ್ಲ, ನನಗೈತಿ. ಛಲೋ ಐತಿ ನಿಮ್ಮ ಲೆಕ್ಕ."

ಅತ್ತೆ ತಲೆ ತಗ್ಗಿಸಿದರು. "ಲೆಕ್ಕ ನಾ ಮಾಡಿದ್ದಲ್ಲವ್ವಾ," ಎಂದರು. "ನೀರು ಹಾಕು."

ಆ ಕ್ಷಣದಲ್ಲಿ ಅತ್ತೆ ಕಂಬಳಿ ಕಿತ್ತು ಬದಿಗೆ ಎಸೆದು ಬೊಗಸೆ ಒಡ್ಡಿದರು ಎಂದು ಬರೆಯಲು ನನಗೆ ಬಹಳ ಆಸೆ. ಒಂದೆರಡು ಸಲ ಹಾಗೆ ಬರೆದೂ ಇದ್ದೇನೆ, ಹರಿದು ಹಾಕಿದ್ದೇನೆ. ಅವರು ಹಾಗೆ ಮಾಡಲಿಲ್ಲ. ನೀರು ಕಂಬಳಿಯಿಂದ ನಿಧಾನವಾಗಿ ಸೋಸಿ ಇಳಿಯಿತು. ಅತ್ತೆ ತಂಬಿಗೆಯಲ್ಲಿ ಮುಳುಗಿಸಿ, ಮೇಲಿಂದ ಎತ್ತಿ ಬಾಯಿಗೆ ಬಿಟ್ಟುಕೊಂಡರು, ಒಂದು ತಂಬಿಗೆ, ಇನ್ನೊಂದು ತಂಬಿಗೆ, ಕುತ್ತಿಗೆಯ ಮೇಲೆ ಹರಿದು ಸೀರೆ ಒದ್ದೆಯಾಗುವ ಹಾಗೆ. ಆ ಹೆಂಗಸು ಖಾಲಿ ಕೊಡಗಳನ್ನು ಒಂದರ ಮೇಲೊಂದು ಇಟ್ಟುಕೊಂಡು, ಅವರು ಕುಡಿದು ಮುಗಿಸುವವರೆಗೂ ನೋಡುತ್ತಾ ನಿಂತಿದ್ದಳು. ನನ್ನ ವಿಜ್ಞಾನವನ್ನು, ಕಾಕಾರ ಶಾಸ್ತ್ರವನ್ನು ಅವಳು ಎಷ್ಟಕ್ಕೆ ತೂಗಿದಳೋ, ಮುಖದಲ್ಲಿ ಏನೂ ಕಾಣಲಿಲ್ಲ. ಎರಡು ದಿನಕ್ಕೊಮ್ಮೆ ತರುತ್ತೇನೆ ಎಂದು ಹೇಳಿ ಹೋದಳು.

ಅಂದಿನ ಅಡುಗೆಯನ್ನೂ ಅತ್ತೆ ಅದೇ ನೀರಲ್ಲಿ ಮಾಡಿದರು. ಕಾಕಾ ಉಣ್ಣುವುದಿಲ್ಲ ಎಂದು ನಾನು ಎಣಿಸಿದ್ದೆ. ಮಧ್ಯಾಹ್ನ ಮಣೆಯ ಮೇಲೆ ಬಂದು ಕೂತರು. ಹೌದದ ನೀರು ಬಂದಂದಿನಿಂದ ಸಾರಿಗೆ ಉಪ್ಪು ಹಾಕುವುದನ್ನು ಅತ್ತೆ ಬಿಟ್ಟೇಬಿಟ್ಟಿದ್ದರು, ನೀರಲ್ಲೇ ಬೇಕಾದಷ್ಟು ಇರುತ್ತಿತ್ತು. ಅಂದೂ ಕೈ ಅದೇ ರೂಢಿಯಲ್ಲಿ ಹಾಕಿರಲಿಲ್ಲ. ಕಾಕಾ ಒಂದು ತುತ್ತು ಕಲಸಿ ಬಾಯಿಗಿಟ್ಟು, ಎಲೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತರು. ಆಮೇಲೆ ತಲೆ ಎತ್ತದೆ ಉಪ್ಪು ಕೇಳಿದರು.

ಅತ್ತೆ ಬಡಿಸಿದರು.